ಅಕ್ಕನಿಗೆ ಬರೆದದ್ದನ್ನು ಓದಿದವನು

ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ಗ್ರಂಥಪಾಲಕಿ ಮೇಜಿನ ಮೇಲೆ ಒಂದು ಪಾರ್ಸೆಲ್ ಇಟ್ಟರು. ಒಳಗೆ ಮಂಡಿಗೆ ಹಾಕುವ ಪಟ್ಟಿ, ಜೊತೆಗೊಂದು ಚೀಟಿ: ‘ನಿಮ್ಮ ಅಕ್ಕನ ಮಂಡಿನೋವಿಗೆ.’ ಕಳಿಸಿದವರ ಹೆಸರಿರಲಿಲ್ಲ.

“ಇದರಲ್ಲಿ ದೂರು ಕೊಡೋದೇನಿದೆ ಮೇಡಂ?” ಎಂದ ಹೆಡ್ ಕಾನ್‌ಸ್ಟೆಬಲ್. ಎಲ್ಲದಕ್ಕೂ ಗಂಟೆ ನೋಡಿ ಬರೆದುಕೊಳ್ಳುವ ಅವನನ್ನು ಠಾಣೆಯವರು ಗಡಿಯಾರ ಎಂದೇ ಕರೆಯುತ್ತಿದ್ದರು.

“ಅಕ್ಕ ತೀರಿಕೊಂಡು ಮೂರು ವರ್ಷ ಆಯ್ತು.”

ಗಡಿಯಾರ ನಿಂತುಹೋಯಿತು.

ಇನ್‌ಸ್ಪೆಕ್ಟರ್ ಕುರ್ಚಿ ಮುಂದಕ್ಕೆಳೆದುಕೊಂಡರು. “ಮಂಡಿನೋವಿನ ವಿಷಯ ಯಾರಿಗೆ ಹೇಳಿದ್ರಿ?”

“ಯಾರಿಗೂ ಇಲ್ಲ. ದಿನಾ ಸಂಜೆ ಲ್ಯಾಪ್‌ಟಾಪಲ್ಲಿ ಅಕ್ಕಂಗೆ ಕಾಗದ ಬರೀತೀನಿ, ಇದ್ದಾಳೆ ಅನ್ನೋ ಹಾಗೇನೇ. ಮಂಡಿನೋವು ಹೇಗಿದೆ ಅಂತ ಕೇಳಿದ್ದೂ ಅದರಲ್ಲೇ. ಎಲ್ಲೂ ಕಳಿಸಲ್ಲ. ಇದು ಬಂದಾಗಿಂದ ಬರೆಯೋಕೆ ಕೈ ಬರ್ತಿಲ್ಲ. ನಂಗೆ ಮಾತಾಡೋಕೆ ಇದ್ದದ್ದು ಅವಳೊಬ್ಬಳೇ ಸಾರ್.”

ಎಫ್‌ಐಆರ್ ದಾಖಲಾಯಿತು. ಪಂಚನಾಮೆ ಮಾಡಿ ಲ್ಯಾಪ್‌ಟಾಪ್ ವಶಕ್ಕೆ ಪಡೆದರು. ಗುರುವಾರ ಸೈಬರ್ ವಿಭಾಗದ ವರದಿ ಬಂತು: ಒಳಗೆ ಸ್ಪೈವೇರ್ ಇದೆ. ಒತ್ತಿದ ಪ್ರತಿ ಅಕ್ಷರವೂ, ಬರೆದು ಅಳಿಸಿದ್ದೂ ಸೇರಿ, ಬೇರೊಂದು ಕಂಪ್ಯೂಟರಿಗೆ ಹೋಗುತ್ತಿತ್ತು. ಲ್ಯಾಪ್‌ಟಾಪ್ ಕೈಗೆ ಸಿಕ್ಕವರೇ ಹಾಕಿರಬೇಕು. ಇನ್‌ಸ್ಪೆಕ್ಟರ್ ಗ್ರಂಥಪಾಲಕಿಯನ್ನು ಕರೆಸಿ ಅದು ಯಾರ ಯಾರ ಕೈಗೆ ಸಿಕ್ಕಿತ್ತೆಂದು ಕೇಳಿದರು.

ಅದನ್ನು ಮುಟ್ಟಿದವರು ಮೂವರು: ಅಕ್ಕನ ಮಗ, ಮಹಡಿ ಮನೆಯಾಕೆ, ಆರು ತಿಂಗಳ ಹಿಂದೆ ಕೀಬೋರ್ಡ್ ಸರಿಮಾಡಿದ ರಿಪೇರಿಯವನು.

“ಮಗನ ಮೇಲೇ ಅನುಮಾನ ಸಾರ್, ಕಂಪ್ಯೂಟರ್ ಓದಿದೋನು,” ಎಂದ ಗಡಿಯಾರ.

“ತಾಯಿ ಸತ್ತದ್ದು ಮಗನಿಗೆ ಗೊತ್ತಿಲ್ವೇನಯ್ಯಾ? ಮಹಡಿಯಾಕೆಯೂ ಸಾವಿಗೆ ಬಂದಿದ್ದವಳು. ಪಟ್ಟಿ ಕಳಿಸಿದೋನು ಕಾಗದ ಮಾತ್ರ ಓದಿದೋನು. ಅಕ್ಕ ಬದುಕಿದಾಳೆ ಅಂದ್ಕೊಂಡಿದಾನೆ.”

ಶುಕ್ರವಾರ ಮಧ್ಯಾಹ್ನ ಮೂರು ಹತ್ತಕ್ಕೆ ರಿಪೇರಿ ಅಂಗಡಿ ಮುಟ್ಟಿದರು. ಬಿಚ್ಚಿಟ್ಟ ಯಂತ್ರಗಳ ನಡುವೆ ಒಂದೇ ಸ್ಟೂಲು, ಅದರ ಮೇಲೆ ಅವನು.

“ಪಟ್ಟಿ ಕಳಿಸಿದ್ದು ನೀನಾ?”

ಅವನು ತಲೆ ತಗ್ಗಿಸಿದ. “ಮೆಟ್ಟಿಲು ಹತ್ತೋಕಾಗಲ್ಲ ಅಂತ ಬರೆದಿತ್ತು ಸಾರ್. ಈಗ ಹೇಗಿದಾರೆ?”

“ಯಾರು?”

“ಅಕ್ಕ.”

ಇನ್‌ಸ್ಪೆಕ್ಟರ್ ಇದ್ದದ್ದನ್ನು ಹೇಳಿದರು. ಅವನ ಮುಖ ಮನೆಯವರನ್ನೇ ಕಳೆದುಕೊಂಡವನ ಹಾಗಾಯಿತು. ಮೂರು ಇಪ್ಪತ್ತೈದಕ್ಕೆ ದಸ್ತಗಿರಿ ಎಂದು ಗಡಿಯಾರ ಬರೆದುಕೊಂಡ.

ಹೇಳಿಕೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. “ಮೊದಲು ಸುಮ್ನೆ ಕುತೂಹಲಕ್ಕೆ ಹಾಕಿದೆ. ಆಮೇಲೆ ಬಿಡೋಕಾಗಲಿಲ್ಲ. ಪ್ರತಿ ಕಾಗದಾನೂ ‘ಊಟ ಆಯ್ತಾ?’ ಅಂತ ಶುರುವಾಗ್ತಿತ್ತು. ನನ್ನನ್ನ ಹಾಗೆ ಕೇಳೋರಿಲ್ಲ ಸಾರ್. ಅದನ್ನ ಓದಿ ಊಟಕ್ಕೆ ಕೂರ್ತಿದ್ದೆ.” ಅವನು ಕದ್ದದ್ದು ಸಣ್ಣದಲ್ಲ ಎಂದು ಇನ್‌ಸ್ಪೆಕ್ಟರಿಗೆ ಗೊತ್ತಿತ್ತು. ಆದರೂ ಬೈಯಲು ಬಾಯಿ ಬರಲಿಲ್ಲ.

ಶನಿವಾರ ಗ್ರಂಥಪಾಲಕಿ ಬಂದು ಎಲ್ಲ ಕೇಳಿಕೊಂಡರು. ಮೊಕದ್ದಮೆ ಮುಗಿದ ಮೇಲೆ ಲ್ಯಾಪ್‌ಟಾಪ್ ವಾಪಸ್ ಸಿಗುತ್ತದೆ ಎಂದು ಗಡಿಯಾರ ರಶೀದಿ ಮುಂದಿಟ್ಟ. ಅವರು ಅದನ್ನು ನೋಡಲಿಲ್ಲ.

“ಅಕ್ಕ ಇದಾಳೆ ಅಂತ ನಂಬಿದ್ದೋನು ಅವನೊಬ್ಬನೇ. ಅವನಿಗೂ ಹೇಳ್ಬಿಟ್ರಾ ಸಾರ್?”

“ಹೇಳ್ಬೇಕಾಯ್ತಮ್ಮ.”

“ಹಾಗಾದ್ರೆ ಲ್ಯಾಪ್‌ಟಾಪ್ ಇಲ್ಲೇ ಇರ್ಲಿ,” ಎಂದರು. “ಇನ್ನು ಯಾರಿಗೆ ಬರೀಲಿ?”