ಸುಣ್ಣದ ಚುಕ್ಕೆಯ ಗುರುವಾರಗಳು

ಜಟ್ಟಿಂಗಪ್ಪ ಬಾಗಿಲಿಗೆ ಬಂದಾಗ ವರದಾ ನನ್ನ ಎಡ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ೧೯೬೩ರ ಫೆಬ್ರುವರಿ, ಶುಕ್ರವಾರ ಸಂಜೆ. ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದು ನಿವೃತ್ತಳಾದ ವರದಮ್ಮ ತೀರ್ಥಹಳ್ಳಿಯ ನನ್ನ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಪೊಲೀಸರು ಕೈಬಿಟ್ಟ ಎರಡು ಮೂರು ಪ್ರಕರಣಗಳನ್ನು ಅವಳು ಬಿಡಿಸಿದ ಮೇಲೆ, ಕಳವಾಗಲಿ ಕೊಲೆಯಾಗಲಿ, ಜನ ಮೊದಲು ತಟ್ಟುತ್ತಿದ್ದುದು ನಮ್ಮ ಬಾಗಿಲನ್ನೇ. ಹೆಸರು ಅವಳಿಗೆ, ಬಂದವರಿಗೆಲ್ಲ ಕಾಫಿ ಕಾಸುವ ಭಾಗ್ಯ ಈ ಶಾಂತಮ್ಮನಿಗೆ. ಮೂವತ್ತು ವರ್ಷ ಮಕ್ಕಳಿಗೆ ಕಾಗುಣಿತ ಕಲಿಸಿದ ವಿಧವೆ ನಾನು, ದೂರಲು ಹಕ್ಕಿದೆ.

"ಹೆಬ್ಬೆಟ್ಟು ಒತ್ತು ಅಂತಾರಮ್ಮಾ," ಎಂದು ಜಟ್ಟಿಂಗಪ್ಪ ಜಗಲಿಯ ತುದಿಯಲ್ಲಿ ಕುಕ್ಕರಿಸಿದ. "ಇನ್ಮೇಲೆ ಯಾರ ಮೈಮೂಳೇನೂ ಮುಟ್ಟಲ್ಲ ಅಂತ ಡಾಕ್ಟ್ರು ಕಾಗದ ಬರೆಸಿದಾರೆ. ಸೋಮವಾರ ಒತ್ತಬೇಕು. ಇಲ್ಲಾಂದ್ರೆ ಪೊಲೀಸ್ ಕಂಪ್ಲೇಂಟು."

ಅವನು ಹೊಸನಗರದ ಕಡೆಯ ಮೂಳೆ ಕಟ್ಟುವವನು. ಹೆಂಡತಿ ಸತ್ತು ಹತ್ತು ವರ್ಷ, ಮಕ್ಕಳಿಲ್ಲ. ಆ ಎರಡು ಕೈಗಳನ್ನು ಬಿಟ್ಟರೆ ಅವನಿಗೆ ಈ ಲೋಕದಲ್ಲಿ ಬೇರೆ ಗತಿ ಇರಲಿಲ್ಲ.

ಈ ಜಗಳದಲ್ಲಿ ನನ್ನ ಪಾಲೂ ಇತ್ತು. ಹೊಸನಗರದ ಡಾಕ್ಟರ್ ಮಂಜುನಾಥಪ್ಪ ಸಾಗರದ ವಾರಪತ್ರಿಕೆಯೊಂದರಲ್ಲಿ ಬರೆದಿದ್ದರು: ತಾನಾಗಿ ವಾಸಿಯಾಗುವ ಉಳುಕನ್ನು ಇವರು ಕೈಗುಣ ಅನ್ನುತ್ತಾರೆ, ಸೊಟ್ಟಗಾದ ಕೈಕಾಲುಗಳ ಲೆಕ್ಕವನ್ನು ಯಾರೂ ಇಡುವುದಿಲ್ಲ ಎಂದು. ಜಟ್ಟಿಂಗಪ್ಪನಿಗೆ ಅಕ್ಷರ ಬಾರದು. ಉತ್ತರ ಬರೆದುಕೊಟ್ಟವಳು ನಾನು: "ಬಾಯಿಮಾತು ಬೇಡ. ನಾಟಾ ಡಿಪೋ ವಾಚ್‌ಮನ್ ವಾಸಪ್ಪನ ಮುರಿದ ಬಲಗೈಗೆ ಕಟ್ಟು ಹಾಕಿದ್ದೇನೆ. ಆರನೆಯ ಗುರುವಾರ ಎಲ್ಲರೆದುರು ಬಿಚ್ಚಿ ನೋಡೋಣ." ಬರೆಯುವಾಗ ನನಗೆ ಎಷ್ಟು ಹುಮ್ಮಸ್ಸು!

"ನಿನ್ನೆ ಶಾಲೆ ಹಾಲ್‌ನಲ್ಲಿ ಬಿಚ್ಚಿದ್ರು," ಎಂದ. "ಕೈ ಊದಿತ್ತಮ್ಮಾ. ಸೊಟ್ಟ. ಮೂಳೆ ಒಳಗೆ ಅಲ್ಲಾಡ್ತಿತ್ತು. ಪ್ರತಿ ಗುರುವಾರ ಹೋಗಿ ಎಣ್ಣೆ ಹಚ್ಚಿ ಕಟ್ತಿದ್ದೆ. ಹೋದ ಗುರುವಾರ ನಾನೇ ಮುಟ್ಟಿ ನೋಡಿದ್ದೆ, ಕೂಡಿತ್ತು. ನಾನು ಸಾಯ್ಬೇಕಿತ್ತು ಅಲ್ಲೇ."

"ನಿಮ್ಮ ಕೈಯಾರೆ ಬಿಚ್ಚಿದ್ರಾ?" ವರದಾ ಕೇಳಿದಳು.

"ಎಲ್ಲಿ! ನಾವು ಕಟ್ಟಿಗೆ ಕಬ್ಬಿಣ ತಾಗಿಸಲ್ಲ, ಗಂಟು ಬಿಚ್ಚೋದು ಬೆರಳಲ್ಲೇ. ಡಾಕ್ಟ್ರು ಕೇಳ್ಲಿಲ್ಲ, ಕತ್ತರಿ ಹಾಕಿ ನಡುವೆ ಸೀಳಿಬಿಟ್ರು." ಒಂದು ಚೀಲವನ್ನು ಮುಂದೆ ತಳ್ಳಿದ. "ಅದೇ ಇದು. ನೋಡೋಕೆ ಮನಸ್ಸು ಬರ್ಲಿಲ್ಲ, ಎಸೆಯೋಕೂ ಬರ್ಲಿಲ್ಲ."

"ಗಂಟು ಎಲ್ಲಿ ಹಾಕ್ತೀರಿ?"

"ಮೊಣಕೈ ಹಿಂದೆ. ರೋಗಿ ಕೈಗೂ ಹಲ್ಲಿಗೂ ಸಿಗಬಾರ್ದು. ನವೆ ಅಂತ ಎಲ್ಲರೂ ಬಿಚ್ಚೋಕೆ ನೋಡ್ತಾರೆ. ನಮ್ಮಪ್ಪ ಕಲಿಸಿದ್ದು."

ವರದಾ ಚೀಲ ಬಿಚ್ಚಿದಳು. ಬಿದಿರ ದಬ್ಬೆಗಳು, ಎಣ್ಣೆ ಹಿಡಿದ ಹಳೆ ಪಂಚೆಯ ಪಟ್ಟಿಗಳು. ಗಂಟು ಹಾಗೇ ಉಳಿದಿತ್ತು, ಆದರೆ ಪಟ್ಟಿಯ ಮಣಿಕಟ್ಟಿನ ತುದಿಯಲ್ಲಿ. ಗಂಟಿನಿಂದ ಹೊರಟ ಎರಡು ತುದಿಗಳಲ್ಲಿ ಒಂದು ಹಿಂಜಿತ್ತು, ಅದರ ಮೇಲೆ ಕೆಂಪು ಕಲೆ.

"ಅಯ್ಯೋ, ರಕ್ತ!" ಎಂದೆ ನಾನು.

"ರಕ್ತ ಒಣಗಿದರೆ ಕಪ್ಪಾಗುತ್ತೆ, ಶಾಂತಾ," ಎಂದು ಮೂಸಿ ನೋಡಿ ಮಡಿಸಿಟ್ಟಳು. "ಗುರುವಾರದಿಂದ ಗುರುವಾರದೊಳಗೆ ವಾಸಪ್ಪನ ಹತ್ರ ಯಾರ್ಯಾರು ಹೋಗಿದ್ರು?"

ಜಟ್ಟಿಂಗಪ್ಪ ತಲೆ ತಗ್ಗಿಸಿದ. "ನನ್ನ ಶಿಷ್ಯ ಕನ್ನಪ್ಪ ಭಾನುವಾರ ಎಣ್ಣೆ ಕೊಡೋಕೆ ಹೋಗಿದ್ದ. ಬ್ಯಾರೆ ಅಂಗಡಿ ಹಾಕ್ತೀನಿ ಅಂತ ನನ್ಹತ್ರ ಜಗಳ ಆಡಿದ್ದ. ಡಾಕ್ಟ್ರೂ ಮಂಗಳವಾರ ಹೋಗಿ ಹೊರಗಿಂದ ಕೈ ನೋಡಿ ಬಂದ್ರಂತೆ."

ಮರುದಿನ ಬಸ್ಸು ಹಿಡಿದು ಹೊಸನಗರಕ್ಕೆ ಹೋದೆವು. ಕನ್ನಪ್ಪ ದಾರಿಯಲ್ಲೇ ಸಿಕ್ಕ. ಬಾಯಿ ತುಂಬ ಎಲೆಅಡಿಕೆ. "ನಾನ್ಯಾಕಮ್ಮ ಗುರುವಿನ ಹೆಸರು ಕೆಡಿಸ್ಲಿ? ಅವರ ಹೆಸರು ಹೋದ್ರೆ ನನ್ನ ಹತ್ರ ಯಾರು ಬರ್ತಾರೆ?" ಎಂದು ರೇಗಿದ. ನನಗೆ ಆ ಕೆಂಪು ಬಾಯಿ ನೋಡಿದ ಕೂಡಲೇ ಎಲ್ಲ ಹೊಳೆದುಹೋಯಿತು. ವರದಾಳ ಸೆರಗು ಜಗ್ಗಿದೆ. ಅವಳು ಸೆರಗು ಬಿಡಿಸಿಕೊಂಡು ಮುಂದೆ ನಡೆದಳು.

ನಾಟಾ ಡಿಪೋ ಊರಾಚೆ ಮೈಲಿ ದೂರ. ಸುತ್ತ ನಂಬರ್ ಹೊಡೆದ ದಿಮ್ಮಿಗಳ ರಾಶಿ, ಮಧ್ಯೆ ಒಂದು ಹಂಚಿನ ಕೋಣೆ. ನಾಟಾ ಲಾರಿ ಬರುವುದು ತಿಂಗಳಿಗೆ ಎರಡು ಸಲವಂತೆ.

"ಬಂದ್ರಾ? ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದು ವಾಸಪ್ಪ ಸ್ಟೂಲನ್ನು ಎರಡೆರಡು ಸಲ ಒರೆಸಿದ. ಐವತ್ತರ ಆಸುಪಾಸಿನ ಒಂಟಿ ಆಸಾಮಿ, ಬಲಗೈ ಡಾಕ್ಟರು ಕಟ್ಟಿದ ಜೋಳಿಗೆಯಲ್ಲಿ. ಎಡಗೈಯಲ್ಲೇ ಎಲೆಗೆ ಸುಣ್ಣ ಸವರಿ ನಮಗೂ ಕೊಟ್ಟ. ಯಾರು ಕಟ್ಟು ಮುಟ್ಟಿದರು ಎಂದು ಕೇಳಿದರೆ, "ಯಾರೂ ಇಲ್ಲಮ್ಮ, ಯಾರು ಬರ್ತಾರೆ ಇಲ್ಲಿಗೆ," ಎಂದ.

ಗೋಡೆಯಲ್ಲಿ ಕ್ಯಾಲೆಂಡರ್ ಇತ್ತು. ಗುರುವಾರದ ಸಾಲಿನುದ್ದಕ್ಕೂ ಬೆರಳಿನ ಸುಣ್ಣದ ಗುರುತು. ವರದಾ ಹಾಳೆ ಎತ್ತಿದಳು, ಮಾರ್ಚಿನಲ್ಲೂ ಹಾಗೇ. ಕೊಳಕ, ಕೈ ಒರೆಸಲು ಬಟ್ಟೆ ಸಿಗಲಿಲ್ಲವೇನೋ ಎಂದುಕೊಂಡೆ. ಹೊರಟಾಗ ಅವನು ಗೇಟಿನವರೆಗೆ ಬಂದ. "ಇನ್ನೊಂದು ಗಳಿಗೆ ಕೂತಿದ್ರೆ ಕಾಫಿ ಕಾಸ್ತಿದ್ದೆ," ಎಂದ. ತಿರುಗಿ ನೋಡಿದಾಗಲೂ ನಿಂತೇ ಇದ್ದ.

ಸೋಮವಾರ ಡಾಕ್ಟರ ಡಿಸ್ಪೆನ್ಸರಿಯಲ್ಲಿ ಜಟ್ಟಿಂಗಪ್ಪ, ಕನ್ನಪ್ಪ, ವಾಸಪ್ಪ ಎಲ್ಲರೂ ಸೇರಿದೆವು. ಮೇಜಿನ ಮೇಲೆ ಆ ಕಾಗದ, ಪಕ್ಕದಲ್ಲಿ ಶಾಯಿಯ ಪ್ಯಾಡು.

"ಡಾಕ್ಟ್ರೇ," ವರದಾ ಶುರುಮಾಡಿದಳು, "ಜಟ್ಟಿಂಗಪ್ಪ ಗಂಟು ಹಾಕೋದು ಮೊಣಕೈ ಹಿಂದೆ. ಇದು ಮಣಿಕಟ್ಟಿನ ಹತ್ರ ಇದೆ. ಅಂದ್ರೆ ಯಾರೋ ಬಿಚ್ಚಿ ಮತ್ತೆ ಕಟ್ಟಿದ್ದಾರೆ. ನೀವು ಕತ್ತರಿ ಹಾಕಿದ್ದಕ್ಕೇ ಸಾಕ್ಷಿ ಉಳೀತು. ಅವರೇ ಬಿಚ್ಚಿದ್ರೆ ಗಂಟೇ ಇರ್ತಿರ್ಲಿಲ್ಲ."

"ನನ್ನ ಮೇಲೆ ಅನುಮಾನವೇ?" ಡಾಕ್ಟರ ಮುಖ ಕೆಂಪಾಯಿತು.

"ಹೆಸರು ಹಾಕಿ ಬೈಯೋರು ಕದ್ದು ಗಂಟು ಬಿಚ್ಚಲ್ಲ. ಅಲ್ದೆ ನೀವು ಎಲೆಅಡಿಕೆ ಹಾಕೋರಲ್ಲ. ಈ ಕಲೆ ಎಲೆಅಡಿಕೇದು, ನೀರಲ್ಲಿ ನೆನೆಸಿ ನೋಡಿದೆ."

ಎಲ್ಲರೂ ಕನ್ನಪ್ಪನ ಕಡೆ ತಿರುಗಿದರು. ನಾನಂತೂ ನೆಟ್ಟಗೆ ಕೂತೆ.

"ಕನ್ನಪ್ಪ ಅಲ್ಲ," ಎಂದಳು. "ಅವನು ಕಟ್ಟಿದ್ರೆ ಗುರು ಕಲಿಸಿದ ಜಾಗಕ್ಕೇ ಗಂಟು ಹಾಕ್ತಿದ್ದ. ಅದೂ ಹೋಗ್ಲಿ. ಈ ತುದಿಯನ್ನ ಹಲ್ಲಲ್ಲಿ ಕಚ್ಚಿ ಎಳೆದಿದ್ದಾರೆ. ಎರಡು ಕೈ ನೆಟ್ಟಗಿರೋನು ಗಂಟಿಗೆ ಹಲ್ಲು ಯಾಕೆ ಹಾಕ್ತಾನೆ?"

ವಾಸಪ್ಪ ತನ್ನ ಎಡಗೈಯನ್ನೇ ನೋಡುತ್ತಿದ್ದ.

"ಹಳೇ ಗಂಟು ಹೇಗೆ ಬಿಚ್ಚಿದೆ, ವಾಸಪ್ಪ?"

"ಬಾಗಿಲ ಮೊಳೆಗೆ ಸಿಗಿಸಿ," ಎಂದ ಮೆಲ್ಲಗೆ. "ಆಮೇಲೆ ಆ ಕೈಯಲ್ಲೇ ನಾಟಾ ತುಂಡು ಎತ್ತಿದೆ. ಲಟ್ ಅಂತು."

"ಯಾಕಯ್ಯಾ?" ಡಾಕ್ಟರು ಕೂಗಿಯೇಬಿಟ್ಟರು.

ವಾಸಪ್ಪ ಜೋಳಿಗೆಯನ್ನು ಎದೆಗೊತ್ತಿಕೊಂಡ. ವರದಾಳೇ ಹೇಳಿದಳು: "ಕಟ್ಟು ಬಿಚ್ಚೋದು ಆರನೇ ಗುರುವಾರ. ಅಲ್ಲಿಗೆ ಜಟ್ಟಿಂಗಪ್ಪ ಬರೋದು ಮುಗೀತು. ಆದ್ರೆ ಕ್ಯಾಲೆಂಡರಿನಲ್ಲಿ ಮಾರ್ಚ್ ಮುಗಿಯೋವರೆಗೂ ಗುರುವಾರಕ್ಕೆಲ್ಲ ಸುಣ್ಣದ ಚುಕ್ಕೆ ಇದೆ. ಕೈ ಕೂಡಲ್ಲ ಅಂತ ಅವನಿಗೆ ಮೊದಲೇ ಗೊತ್ತಿತ್ತು."

"ಅವರು ಬಂದ್ರೆ ಎಣ್ಣೆ ಹಚ್ಚಿ ಒಂದು ಗಂಟೆ ಕೂರ್ತಿದ್ರು," ಎಂದ ವಾಸಪ್ಪ. "ಊರ ಸುದ್ದಿ ಹೇಳ್ತಿದ್ರು. ಇಪ್ಪತ್ತು ವರ್ಷದಲ್ಲಿ ನನ್ನ ಮೈ ಮೇಲೆ ಮನುಷ್ಯರ ಕೈ ಬಿದ್ದಿದ್ದು ಅದೊಂದೇ, ಡಾಕ್ಟ್ರೇ. 'ಮುಂದಿನ ವಾರ ಕಡೇದು' ಅಂದ್ಬಿಟ್ರು. ಇನ್ನೂ ಕೂಡಿಲ್ಲ, ಮತ್ತೆ ಕಟ್ಟು ಅಂತ ಅವರಿಗೆ ಹೇಳ್ತೀರಿ ಅಂದ್ಕೊಂಡಿದ್ದೆ. ಅವರ ಹೆಸರಿಗೆ ಕುತ್ತು ಬರ್ತದೆ ಅಂತ, ದೇವ್ರಾಣೆ, ಹೊಳೀಲಿಲ್ಲ." ಎಂದವನು ಎಲ್ಲರೆದುರು ಅತ್ತ.

ಡಾಕ್ಟರು ಕಾಗದವನ್ನು ಹರಿದು ಬುಟ್ಟಿಗೆ ಹಾಕಿದರು. "ತಪ್ಪಾಯ್ತು, ಜಟ್ಟಿಂಗಪ್ಪ. ಆದ್ರೆ ಪತ್ರಿಕೇಲಿ ಬರೆದದ್ದನ್ನ ವಾಪಸ್ ತಗೊಳ್ಳಲ್ಲ."

"ತಗೋಬೇಡಿ," ಎಂದಳು ವರದಾ. "ಈ ಕೈ ಅವರ ವಿರುದ್ಧ ಸಾಕ್ಷಿ ಅಲ್ಲ. ಅವರ ಪರವಾಗಿಯೂ ಅಲ್ಲ. ನಿಮ್ಮ ಪ್ರಶ್ನೆ ಹಾಗೇ ಇದೆ."

"ಖರೆ," ಎಂದ ಜಟ್ಟಿಂಗಪ್ಪ. "ಸೊಟ್ಟಗಾದದ್ದೂ ಇದಾವೆ ಡಾಕ್ಟ್ರೇ, ಸುಳ್ಳು ಯಾಕೆ ಹೇಳ್ಲಿ. ಇನ್ಮೇಲೆ ಮೊದಲು ನಿಮ್ಮ ಹತ್ರ ಕಳಿಸ್ತೀನಿ, ನೋಡಿ ಹೇಳಿ. ಲೆಕ್ಕಾನೂ ಇಡೋಣ." ಎದ್ದು ವಾಸಪ್ಪನ ಬಳಿ ಹೋದ. ಬೈಯುತ್ತಾನೆ ಅಂದುಕೊಂಡೆ, ನಾನಾಗಿದ್ದರೆ ಕಪಾಳಕ್ಕೆ ಎರಡು ಬಿಗಿಯುತ್ತಿದ್ದೆ. ಅವನು ಊದಿದ ಕೈಯನ್ನು ಮುಟ್ಟದೆ ಭುಜದ ಮೇಲೆ ಕೈಯಿಟ್ಟ. "ಕೈ ಡಾಕ್ಟ್ರು ನೋಡ್ಲಿ. ಗುರುವಾರ ನಾನು ಸುಮ್ನೆ ಬರ್ತೀನಿ. ನಂಗೂ ಮನೇಲಿ ಯಾರಿದಾರೆ, ಮಾರಾಯ?"

ಸಂಜೆಯ ಬಸ್ಸಿಗೆ ತೀರ್ಥಹಳ್ಳಿಗೆ ಮರಳಿದೆವು. ಮನೆಗೆ ಬಂದು ಕಾಫಿ ಕುಡಿದ ಮೇಲೆ ವರದಾ ದಿನದಂತೆ ಎಣ್ಣೆ ಬಟ್ಟಲು ತಂದಳು.

"ಇವತ್ತು ಬೇಡ," ಎಂದೆ. ಮುಖ ನೋಡಲು ನಾಚಿಕೆಯಾಯಿತು. "ನೋವು ಅಷ್ಟೇನೂ ಇಲ್ಲ."

"ನೋವು ಹೋಗಿ ಎರಡು ವರ್ಷ ಆಯ್ತು, ನಂಗೊತ್ತು," ಎಂದು ಅವಳು ನನ್ನೆದುರು ಕೂತಳು. "ಶುಕ್ರವಾರ ಎಡಗಾಲು ಅಂದೆ, ನಿನ್ನೆ ಬಲಗಾಲು ಅಂದೆ. ನಾನೇನು ಕುರುಡಿಯಾ? ಚಾಚು, ಯಾವುದಾದ್ರೂ ಒಂದು."

ನಾನು ಎರಡೂ ಕಾಲು ಚಾಚಿದೆ.