ಎಡವೋ, ಬಲವೋ

ವಾಡಿಯಿಂದ ಬರುವ ಬೆಳಗಿನ ಪ್ಯಾಸೆಂಜರನ್ನು ನಾನು ಶಹಾಬಾದಿನಲ್ಲಿ ಹತ್ತುತ್ತೇನೆ. ಆ ದಿನ ಇನ್ನೂ ಸರಿಯಾಗಿ ಕುಳಿತೇ ಇಲ್ಲ, ಎದುರು ಸೀಟಿನ ಹುಡುಗಿಯ ಬ್ಯಾಗಿನಿಂದ ಏನೋ ಜಾರಿ ನನ್ನ ಕಾಲ ಮೇಲೆ ಬಿತ್ತು. ನೋಡಿದರೆ ಟೊಂಕದ ಎಲುಬು! ಪ್ಲಾಸ್ಟಿಕ್ಕಿನದೇ. ಆದರೆ ನನ್ನ ಜೊತೆಗೆ ಹತ್ತಿದ ಬಳೆ ಮಾರುವ ಜೈತುನ್‌ಬೀಗೆ ಅದು ಹೇಗೆ ಗೊತ್ತಾಗಬೇಕು?

"ತೌಬಾ ತೌಬಾ! ಯಾರದು ಬೇಟಿ ಇದು?" ಎಂದು ಮುದುಕಿ ಬುಟ್ಟಿಯನ್ನು ಅವಚಿಕೊಂಡಳು.

"ಕಾಲೇಜಿಂದ್ರಿ ಖಾಲಾ, ಅಂಜಬ್ಯಾಡ್ರಿ," ಎಂದಳು ಹುಡುಗಿ. ಮೂಗಿನ ತುದಿಗೆ ಜಾರಿದ್ದ ಕನ್ನಡಕವನ್ನು ಮೇಲೇರಿಸುವ ನೆಪದಲ್ಲಿ ನನ್ನನ್ನೊಮ್ಮೆ ನೋಡಿದಳು. ಅಷ್ಟಕ್ಕೇ ನನ್ನ ಕಥೆ ಮುಗಿಯಿತು.

ಹೆಸರು ಭುವನೇಶ್ವರಿ, ಊರು ವಾಡಿ. ಫಿಜಿಯೋಥೆರಪಿ ಮೊದಲ ವರ್ಷ.

"ನಾ ಅಣವೀರ. ನಾನೂ ಫಿಜಿಯೋನೇ, ಕಲಬುರಗಿ ದವಾಖಾನ್ಯಾಗ ಕೆಲಸ ಮಾಡಾಕತ್ತೀನಿ," ಎಂದು ಎಲುಬನ್ನು ಕೊಡುತ್ತಾ ಜಾಣತನ ತೋರಿಸಿದೆ. "ಬಲಗಡೀದು. ಛಲೋ ಅದ."

"ಎಡಗಡೀದ್ರಿ."

"ಬಲಗಡೀದು."

ಅವಳ ಮುಖ ಬಾಡಿತು. "ಇದೇ ತಪ್ಪಿಗಿ ಅನಾಟಮಿ ವೈವಾದಾಗ ಫೇಲಾದೆ ನೋಡ್ರಿ. ಎಡಾ ಬಲಾ ನನ್ನ ತಲಿಗೆ ಹತ್ತಂಗಿಲ್ಲ. ಈ ಸಲನೂ ಹೋದ್ರ ಕಾಲೇಜು ಬಿಡಿಸ್ತೀನಿ ಅಂದಾರ ಅಪ್ಪಾರು."

ಕಾಲೇಜು ಬಿಟ್ಟರೆ ಈ ರೈಲೂ ಬಿಟ್ಟಂತೆ. ಎದುರು ಸೀಟು ಖಾಲಿಯಾದಂತೆ. ಅವಳ ವೈವಾ ಅಂದಿನಿಂದ ನನ್ನದೂ ಆಯಿತು. ಟೊಂಕದ ಪಾಠಕ್ಕೆ ಟೊಂಕ ಕಟ್ಟಿ ನಿಂತೆ.

"ಮ್ಯಾಲಿನ ಈ ಏಣು ಇಲಿಯಾಕ್ ಕ್ರೆಸ್ಟ್. ಕೊಡ ಕುಂದ್ರೋದು ಇಲ್ಲೇ, ಕೂಸು ಕುಂದ್ರೋದೂ ಇಲ್ಲೇ."

"ನನ್ನ ಬುಟ್ಟೀನೂ ಅಲ್ಲೇ," ಎಂದು ಜೈತುನ್‌ಬೀ ತನ್ನ ಟೊಂಕ ತಟ್ಟಿಕೊಂಡಳು.

ಮುಂದಿನ ತುದಿಗೆ ಆಂಟೀರಿಯರ್ ಸುಪೀರಿಯರ್ ಇಲಿಯಾಕ್ ಸ್ಪೈನ್ ಎಂಬ ಮಾರುದ್ದದ ಹೆಸರು. ಅವಳು ಅದನ್ನು ಒಂದೇ ಉಸಿರಿಗೆ ಹೇಳಿ, ತುಟಿ ಕಚ್ಚಿ ನಗುತ್ತಿದ್ದಳು. ಆ ನಗುವಿಗಾಗಿ ನಾನು ಮತ್ತೆ ಮತ್ತೆ ಹೇಳಿಸುತ್ತಿದ್ದೆ.

"ಹೊರಗಿನ ಈ ಬಟ್ಟಲಾ ಅಸಿಟಾಬ್ಯುಲಮ್. ತೊಡಿ ಎಲುಬಿನ ಗುಂಡು ಇದರಾಗೇ ತಿರುಗ್ತದ. ಸಣ್ಣವರಿದ್ದಾಗ ಇವು ಮೂರು ಬ್ಯಾರೆ ಬ್ಯಾರೆ ಎಲುಬು. ಬೆಳಕೋತ ಬೆಳಕೋತ ಈ ಬಟ್ಟಲದಾಗ ಕೂಡಿ ಒಂದಾಗ್ತಾವ."

"ಎಷ್ಟು ಚಂದ ಅದ ಅಲ್ರಿ?" ಎನ್ನುತ್ತಾ ಅವಳು ಬಟ್ಟಲಿನ ಅಂಚಿಗೆ ಹೆಬ್ಬೆರಳು ಆಡಿಸಿದಳು.

ಚಂದವೇ. ನಾನು ದಿನಾ ನೋಡುವ ಎಲುಬು ಇಷ್ಟು ಚಂದವೆಂದು ಅವಳ ಬೆರಳು ಓಡಾಡಿದ ಮೇಲೆಯೇ ನನಗೆ ತಿಳಿದದ್ದು. ಕೆಳಗಿನ ದಪ್ಪ ಗಂಟು ಇಶಿಯಲ್ ಟ್ಯೂಬರಾಸಿಟಿ, ನಾವು ಕೂರುವುದೇ ಅದರ ಮೇಲೆ ಎಂದಾಗ ಅವಳು ಸೀಟಿನಲ್ಲಿ ಒಮ್ಮೆ ಅಲುಗಾಡಿ ಪರೀಕ್ಷಿಸಿ, "ಹೌದ್ರೀ!" ಎಂದು ಕಣ್ಣರಳಿಸಿದಳು.

ಹೆಸರೆಲ್ಲ ಬಾಯಿಪಾಠವಾದವು. ಎಡಬಲ ಮಾತ್ರ ಬಗೆಹರಿಯಲೇ ಇಲ್ಲ. ವೈವಾದ ಹಿಂದಿನ ದಿನವೂ ತಪ್ಪಿದಳು.

"ತಡೀರಿ. ಎಲುಬು ಹಿಡಿದಾಗ ಅದು ಯಾರದಂತ ತಿಳಕೋತೀರಿ?"

"ಎದುರಿಗೆ ಕುಂತವರದು," ಎಂದವಳ ಕಿವಿ ಕೆಂಪಾದವು. ಎದುರಿಗೆ ಕುಂತವನು ನಾನೇ ತಾನೆ!

ನನಗೂ ಮಾತು ತಡವರಿಸಿತು. "ಅಲ್ಲೇ ತಪ್ಪಾಗೋದು. ಎದುರಿನವರ ಬಲ ನಿಮ್ಮ ಎಡಕ್ಕ ಬರ್ತದ. ನಿಮ್ಮ ಟೊಂಕಕ್ಕೇ ಹಿಡೀರಿ. ಏಣು ಮ್ಯಾಲೆ, ಸ್ಪೈನ್ ಮುಂದ, ಬಟ್ಟಲಾ ಹೊರಗ. ಇಲ್ಲಾಂದ್ರ ನನ್ನ ಬಾಜೂಕ ಬಂದು ಕುಂದರ್ರಿ, ಇಬ್ಬರ ಎಡಾನೂ ಒಂದೇ ಆಗ್ತದ."

ಬಾಯಿ ಜಾರಿತ್ತು. ಜೈತುನ್‌ಬೀ ಬಿಡುವವಳೇ? "ನಿಮ್ಮ ಮಂದ್ಯಾಗ ಎಡಕ್ಕ ಕುಂದ್ರೋಕಿ ಹೆಂಡ್ತಿ ಅಲ್ಲೇನಪಾ? ನಾ ಎಷ್ಟು ಲಗ್ನದಾಗ ಬಳಿ ಇಡಿಸೀನಿ!"

ಭುವನೇಶ್ವರಿ ಎಲುಬನ್ನು ಬ್ಯಾಗಿಗೆ ತುರುಕಿ, ಕಲಬುರಗಿ ಬರುವವರೆಗೆ ಕಿಟಕಿಯಾಚೆ ನೋಡಿದಳು. ಇಳಿಯುವಾಗ ಮೆಲ್ಲಗೆ, "ಖಾಲಾ ಸುಮ್ನ ಅಂದಳ್ರಿ. ನೀವು ಬಾಜೂಕ ಅಂದ್ರಿ, ಎಡಕ್ಕ ಅಂದಿಲ್ಲ," ಎಂದಳು.

"ಮನಸಿನ್ಯಾಗ ಎಡಕ್ಕೇ ಇತ್ರಿ," ಎಂದುಬಿಟ್ಟೆ.

ಅವಳು ಬ್ಯಾಗನ್ನು ಹೆಗಲಿಗೇರಿಸಿ ಜನರ ನಡುವೆ ಸೇರಿಹೋದಳು. ಮರುದಿನ ಬೆಳಗಿನ ರೈಲಿನಲ್ಲಿ ಅವಳಿರಲಿಲ್ಲ. ವೈವಾಕ್ಕೆ ಬೇಗ ಹೋದಳೋ, ನನ್ನ ಮಾತಿಗೆ ಮುನಿದಳೋ? ದಿನವಿಡೀ ನನ್ನ ಕೈಗೆ ಕೆಲಸ ಹತ್ತಲಿಲ್ಲ.

ಸಂಜೆಯ ರೈಲಿನಲ್ಲಿ ಕಿಟಕಿ ಪಕ್ಕ ಕುಳಿತೆ. ಎದುರಿಗೆ ಜೈತುನ್‌ಬೀ, ಅವಳ ಪಕ್ಕದಲ್ಲಿ ಜಾಗ ಖಾಲಿ. ರೈಲು ಕದಲುವಷ್ಟರಲ್ಲಿ ಭುವನೇಶ್ವರಿ ಏದುಸಿರು ಬಿಡುತ್ತಾ ಹತ್ತಿದಳು.

"ಏನಾತ್ರಿ?"

"ಎಲುಬು ಕೈಯಾಗ ಕೊಟ್ಟು, ಯಾವ ಕಡೀದು ಅಂದ್ರು. ಸೀದಾ ನನ್ನ ಟೊಂಕಕ್ಕ ಹಿಡಿದೆ. ಎಡಗಡೀದು ಅಂದೆ."

"ಆಮ್ಯಾಲೆ?"

"ಶಾಬಾಸ್, ಪಾಸಾದಿ ಹೋಗವಾ ಅಂದ್ರು ಸರ್."

ಜೈತುನ್‌ಬೀ ಬುಟ್ಟಿ ಸರಿಸಿ ಜಾಗ ಮಾಡಿಕೊಟ್ಟಳು. ಭುವನೇಶ್ವರಿ ಅಲ್ಲಿ ಕೂರಲಿಲ್ಲ. ನನ್ನ ಎಡಗಡೆಯ ಸೀಟಿನ ಧೂಳನ್ನು ವೇಲಿನ ತುದಿಯಿಂದ ಒರೆಸಿ, ಕುಳಿತಳು.

"ಇದು ಯಾವ ಕಡಿ, ಗೊತ್ತದೇನ್ರಿ?" ಎಂದು ಮೆಲ್ಲಗೆ ಕೇಳಿದೆ.

"ಈ ಸಲ ತಪ್ಪಿಲ್ರಿ," ಎಂದಳು ಕನ್ನಡಕ ಮೇಲೇರಿಸಿ.

ಶಹಾಬಾದ್ ಬಂತು. ಜೈತುನ್‌ಬೀ ಬುಟ್ಟಿಯನ್ನು ಟೊಂಕಕ್ಕೇರಿಸಿ, "ಇಳಿಯಂಗಿಲ್ಲೇನಪಾ?" ಎಂದು ಕೇಳಿದಳು.

"ಇವರು ದಾರಿ ಬಿಟ್ರ ಇಳೀತೀನಿ ಖಾಲಾ."

ಭುವನೇಶ್ವರಿ ತನ್ನ ಕೈಬೆರಳು ನೋಡುತ್ತಾ, "ಅಪ್ಪಾರು ಸಂಜೀಕ ಮನ್ಯಾಗೇ ಇರ್ತಾರ್ರಿ," ಎಂದಳು. ಜರುಗಲಿಲ್ಲ. ರೈಲು ವಾಡಿಯ ಕಡೆಗೆ ಹೊರಟಿತು.