ಹಲಬರ್ಗಾದ ವಿದೇಶಿ ಸೊಸೆ

ಜೂನ್ 9ರ ಸೋಮವಾರ ಬೆಳಿಗ್ಗೆ ಹಲಬರ್ಗಾದ ಅಜಿಂಕ್ಯ ಭಾಲ್ಕಿ ಠಾಣೆಗೆ ಬಂದು ತನ್ನ ಹೆಂಡತಿಯ ಮೇಲೆಯೇ ದೂರು ಕೊಟ್ಟ. ಫಿಲಿಪ್ಪೀನ್ಸಿನ ಮಾರಿಸೆಲ್ ವೀಸಾ ಮುಗಿದರೂ ದೇಶ ಬಿಟ್ಟಿಲ್ಲ, ಪಾಸ್‌ಪೋರ್ಟನ್ನೂ ಕಳೆದುಕೊಂಡಿದ್ದಾಳೆ, ಅವಳನ್ನು ವಾಪಸ್ ಕಳಿಸಬೇಕು ಎಂಬುದು ದೂರು.

ಇನ್‌ಸ್ಪೆಕ್ಟರ್ ನಾಗಸೇನ ಅದನ್ನು ಎರಡು ಸಲ ಓದಿದರು.

"ಮದುವಿ ಯಾವಾಗ ಆತು?"

"ಮಸ್ಕತ್‌ದಾಗ ಆದ್ವಿರಿ. ಅಕಿ ಅಲ್ಲಿ ನರ್ಸ್ ಇದ್ಳು. ಇಲ್ಲಿಗೆ ಬಂದು ಏಳು ವರ್ಷ ಆಗ್ಲಿಕತ್ತಾವ."

"ಮಕ್ಕಳು?"

"ಒಬ್ಬಾಕಿ, ಸಾನಿಕಾ. ಅಕಿ ಇಲ್ಲೇ ಹುಟ್ಟ್ಯಾಳ್ರಿ. ಅಕಿ ನಮ್ಮಾಕಿ."

FIR ದಾಖಲಾಯಿತು. ನಾಗಸೇನ ಬೀದರಿನ ವಿದೇಶಿಯರ ನೋಂದಣಿ ವಿಭಾಗಕ್ಕೆ ಫೋನ್ ಮಾಡಿದರು. ವೀಸಾ ಮೇ ತಿಂಗಳಲ್ಲಿ ಮುಗಿದಿತ್ತು. ಈ ಸಲ ವಿಸ್ತರಣೆಗೆ ಅರ್ಜಿಯೇ ಬಂದಿರಲಿಲ್ಲ. ಭಾರತೀಯನನ್ನು ಮದುವೆಯಾದ ವಿದೇಶಿ ಏಳು ವರ್ಷ ಕಾನೂನುಬದ್ಧವಾಗಿ ಇಲ್ಲಿ ನೆಲೆಸಿದರೆ ಪೌರತ್ವ ಕೇಳಬಹುದು. ಮಾರಿಸೆಲ್‌ಗೆ ಆಗಸ್ಟಿನಲ್ಲಿ ಏಳು ತುಂಬುವುದಿತ್ತು.

ಮಧ್ಯಾಹ್ನ ನಾಗಸೇನ ಮತ್ತು ಮಹಿಳಾ ಪೇದೆ ಕೇತಕಿ ಹಲಬರ್ಗಾಕ್ಕೆ ಹೋದರು. ಮಾರಿಸೆಲ್ ಪಡಸಾಲೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಎಡಗಣ್ಣಿನ ಕೆಳಗೆ ನೀಲಿಗಟ್ಟಿತ್ತು.

"ಪಾಸ್‌ಪೋರ್ಟ್ ಎಲ್ಲಿ ಕಳೀತವ್ವ?" ಕೇತಕಿ ಕೇಳಿದಳು.

"ಕಳದಿಲ್ರಿ. ಪ್ರತಿ ವರ್ಷ ಅವರೇ ಬೀದರಕ್ಕ ಒಯ್ತಾರ. ಈ ಸಲನೂ ಕೊಟ್ಟು ಬಂದೀನಿ ಅಂದಾರ."

"ಕಣ್ಣಿಗೆ ಏನಾತು?"

ಮಾರಿಸೆಲ್ ಅತ್ತೆಯತ್ತ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಕಾವೇರಿಬಾಯಿ ಒಳಗಡೆ ಕೈ ತೋರಿಸಿದರು.

"ಬಚ್ಚಲ ಒಲಿ ನೋಡ್ರಿ," ಎಂದರು. "ಅಂವ ಅದರಾಗ ಅಕಿ ಪಾಸ್‌ಪೋರ್ಟ್ ಸುಡ್ಲಿಕತ್ತಿದ್ದ. ಮೊಮ್ಮಗಳು ನಮ್ಮ ಹತ್ರನೇ ಉಳಿತಾಳ ಅಂದ. ನಾ ಸುಮ್ಮನಾದೆ."

ಪಂಚರ ಎದುರು ಒಲೆಯ ಹಿಂದಿನ ಬೂದಿ ಕೆದಕಿದರು. ರಟ್ಟಿನ ಕರಕಲು ತುಂಡೊಂದು ಸಿಕ್ಕಿತು. ಅದರ ಮೇಲೆ ಬಂಗಾರ ಬಣ್ಣದ ಅರ್ಧ ಮುದ್ರೆ. ಪಂಚನಾಮೆ ಬರೆದು ತುಂಡನ್ನು ಸೀಲ್ ಮಾಡಿದರು. ಸಂಜೆ ಅಜಿಂಕ್ಯನನ್ನು ಭಾಲ್ಕಿಯ ಅವನ ಔಷಧಿ ಅಂಗಡಿಯಲ್ಲೇ ಬಂಧಿಸಿದರು.

ಆದರೆ ವೀಸಾ ಇಲ್ಲದಿದ್ದುದೂ ನಿಜವಾಗಿತ್ತು. ಸುಟ್ಟವನು ಗಂಡನೇ ಎಂದು ನಾಗಸೇನ ವರದಿ ಕಳಿಸಿದರು. ಹೊಸ ಪಾಸ್‌ಪೋರ್ಟ್ ಬರುವ ತನಕ ಮಾರಿಸೆಲ್‌ಳನ್ನು ವಿದೇಶಿಯರ ಬಂಧನ ಕೇಂದ್ರದಲ್ಲಿ ಇರಿಸಬೇಕೆಂದು ಮೇಲಿನಿಂದ ಆದೇಶ ಬಂತು, ಮುಂದಿನದು ಆಮೇಲೆ. ಭಾರತೀಯಳಾದ ಸಾನಿಕಾ ಅಜ್ಜಿಯ ಬಳಿ ಉಳಿದಳು. ಜೀಪು ಹೊರಡುವಾಗ ಮಗು ಅದರ ಬಾಗಿಲು ಬಿಡಲಿಲ್ಲ. ಕೇತಕಿಯೇ ಅವಳ ಬೆರಳು ಬಿಡಿಸಬೇಕಾಯಿತು.

ಠಾಣೆಯಲ್ಲಿ ಅಜಿಂಕ್ಯ ಏನನ್ನೂ ಮುಚ್ಚಿಡಲಿಲ್ಲ.

"ಯಾಕ ಸುಟ್ಟಿ?"

"ಪೌರತ್ವ ಬಂದ ಮ್ಯಾಲೆ ಮಗಳನ್ನ ಕರ್ಕೊಂಡು ಬೀದರದಾಗ ಖೋಲಿ ಹಿಡಿತೇನಿ, ದವಾಖಾನಿ ಕೆಲಸಕ್ಕ ಹೋಗ್ತೇನಿ ಅಂತಿದ್ಳು."

"ಅಷ್ಟಕ್ಕ?"

ಅಜಿಂಕ್ಯ ನೆಲ ನೋಡುತ್ತ ಹೇಳಿದ. "ಮೊದಲ ಹೊಡದ್ರ, ನಾ ಎಲ್ಲಿಗೆ ಹೋಗ್ಲಿ ಅಂತ ಅಳ್ತಿದ್ಳು. ಈ ವರ್ಷ ಅಳೂದು ಬಿಟ್ಟಿದ್ಳ್ರಿ."

ನಾಗಸೇನ ಅದನ್ನು ಹಾಗೆಯೇ ಹೇಳಿಕೆಯಲ್ಲಿ ಬರೆದುಕೊಂಡರು.